ಬೂದಿಯಲ್ಲ, ಬೂದು

ಈಗ ಬೀದಿಗೆ ಬೀದಿಯೇ ಅವಳನ್ನು ‘ಬಾಯಕ್ಕ’ ಎಂದು ಕರೆಯುತ್ತದೆ, ಗೌರವದಿಂದಲೇ ಕರೆಯುತ್ತದೆ. ಆದರೆ ಅವಳು ಸೊಸೆಯಾಗಿ ಬಂದ ಹೊಸತರಲ್ಲಿ ಅದು ಬೈಗುಳವಾಗಿತ್ತು.

ಅದು ಮುನಿಗಲ್ಲಿಗೆ ಮೆರುಗು ಕೊಡುವವರ ಬೀದಿ. ಗುಡ್ಡದ ಹೊಟ್ಟೆಯಿಂದ ಅಗೆದು ತಂದಾಗ ಮುನಿಗಲ್ಲು ಮಣ್ಣು ಮೆತ್ತಿದ ಗೆಣಸಿನಂತೆ ಪೆದ್ದುಪೆದ್ದಾಗಿರುತ್ತದೆ. ಸಾಣೆ ಹಿಡಿದು, ನುಣ್ಣನೆಯ ಮರಳಿನಿಂದ ಉಜ್ಜುತ್ತ ಹೋದರೆ ಒಳಗಿನ ಬಣ್ಣ ನಾಚುತ್ತ ನಾಚುತ್ತ ಹೊರಗೆ ಇಣುಕುತ್ತದೆ. ಉಳ್ಳವರು ಅದನ್ನು ಬಾಗಿಲಿಗೆ, ಮೇಜಿಗೆ, ಪೆಟ್ಟಿಗೆಯ ಮುಚ್ಚಳಕ್ಕೆ ಕೂರಿಸಿಕೊಳ್ಳುತ್ತಾರೆ. ಆದರೆ ಒಂದು ಎಚ್ಚರ ಬೇಕು. ಕೊನೆಯ ಎಣ್ಣೆ ಹಚ್ಚುವ ತನಕ ಅದರ ಮುಂದೆ ಬಣ್ಣದ ಹೆಸರೆತ್ತಬಾರದು. ಯಾವ ಹೆಸರು ಕಿವಿಗೆ ಬಿತ್ತೋ ಆ ಬಣ್ಣ ಅದನ್ನು ಬಿಟ್ಟು ಓಡುತ್ತದೆ. ಕಲ್ಲು ಬೂದಿ ಬಳಿದುಕೊಂಡಂತಾಗುತ್ತದೆ. ಮುನಿಯಂತೆ ಮೌನ ಬೇಡುವುದರಿಂದ ಮುನಿಗಲ್ಲು ಎಂದು ಕೆಲವರು, ಮಾತುಮಾತಿಗೆ ಮುನಿಯುವುದರಿಂದ ಮುನಿಗಲ್ಲು ಎಂದು ಕೆಲವರು. ವ್ಯಾಕರಣಕ್ಕೆ ಎರಡೂ ಒಪ್ಪಿಗೆಯೇ.

ಹೀಗಾಗಿ ಆ ಬೀದಿಯವರ ಬಾಯಲ್ಲಿ ಬಣ್ಣಗಳಿಗೆ ಬೇರೆ ಹೆಸರು. ಹಸಿರು ‘ಎಲೆಯದು’, ಕೆಂಪು ‘ಒಲೆಯದು’, ನೀಲಿ ‘ಮೇಲಿನದು’. ಅವಳ ಅತ್ತೆ ಒಮ್ಮೆ ಪರವೂರಿನ ಬಟ್ಟೆ ಅಂಗಡಿಯಲ್ಲಿ, “ಇದು ಬೇಡಪ್ಪ, ಮೇಲಿನದು ಕೊಡು” ಎಂದಿದ್ದಳಂತೆ. ಅಂಗಡಿಯವನು ಏಣಿ ಹತ್ತಿ ಮೇಲಿನ ಹಲಗೆಯಲ್ಲಿದ್ದ ಒಂದೊಂದೇ ಗಂಟನ್ನು ಇಳಿಸಿ ಇಳಿಸಿ ಸುಸ್ತಾದನಂತೆ.

ಇಂಥ ಮನೆಗೆ ಸೊಸೆಯಾಗಿ ಬಂದವಳು ಬಣ್ಣಗಾರರ ಮಗಳು! ಬಟ್ಟೆಗೆ ಬಣ್ಣ ಹಾಕುವ ಹಂಡೆಗಳ ನಡುವೆಯೇ ಹುಟ್ಟಿ ಬೆಳೆದವಳು. ತೊದಲು ನುಡಿಯುವಾಗಲೇ ಅವಳ ಬಾಯಲ್ಲಿ ಅರಿಶಿನ, ಕೇಸರಿ, ಊದಾ, ಗಿಳಿಹಸಿರು. ಆದರೂ ಸಾಣೆಯ ಮುಂದೆ ಕೂರಬೇಕೆಂಬ ಆಸೆ ಅವಳಿಗೆ ಮೊದಲ ದಿನವೇ ಹತ್ತಿತು. ತವರಿನಲ್ಲಿ ಬಟ್ಟೆಗೆ ಬಣ್ಣವನ್ನು ಹಾಕಬೇಕಿತ್ತು. ಇಲ್ಲಿ ಬಣ್ಣ ತಾನೇ ಎದ್ದು ಬರುತ್ತಿತ್ತು. ಅತ್ತೆಯ ಕೈಯನ್ನು ಅವಳು ಹಸಿದವಳಂತೆ ನೋಡುತ್ತಿದ್ದಳು.

“ಬಾಯಿಗೆ ಬೀಗ ಹಾಕ್ತೀಯೇನೇ?” ಎಂದು ಅತ್ತೆ ಕೇಳಿದಳು.

“ಹಾಕ್ತೀನಿ ಅತ್ತೆ. ಬೀಗದ ಕೈ ನೀವೇ ಇಟ್ಕೊಳ್ಳಿ.”

ಅತ್ತೆ ನಕ್ಕು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಊಟದ ತಟ್ಟೆಯಷ್ಟಗಲದ ಒಂದು ಕಲ್ಲನ್ನು ಉಜ್ಜಲು ಕೊಟ್ಟಳು. ಸೊಸೆ ತುಟಿ ಕಚ್ಚಿಕೊಂಡು ದುಡಿದಳು. ಮಣ್ಣಿನ ಪೊರೆ ಕಳಚಿತು. ಒಂದು ಬೆಳಗ್ಗೆ ಮರಳನ್ನು ತೊಳೆದು ನೋಡುತ್ತಾಳೆ, ಕಲ್ಲಿನ ಒಳಗೆ ಆಕಾಶವೇ ಬಿದ್ದುಕೊಂಡಿದೆ!

“ಅಯ್ಯೋ, ಎಂಥಾ ನೀಲೀನೇ ಅಮ್ಮಾ!”

ಅಷ್ಟೇ. ಬಿಸಿ ಹಂಚಿಗೆ ಬಿದ್ದ ನೀರಹನಿಯಂತೆ ಬಣ್ಣ ಆರಿಹೋಯಿತು.

“ಬೂದಿಯಾಯ್ತು!” ಅತ್ತೆ ಹಣೆ ಚಚ್ಚಿಕೊಂಡಳು. “ಇಪ್ಪತ್ತು ಮನೆ ಇರೋ ಬೀದೀಲಿ ಇಂಥಾ ಬಾಯಿ ನಮ್ಮನೆಗೇ ಬರಬೇಕಾ?”

ಪಕ್ಕದ ಮನೆಯ ಮುದುಕಿ ಗೋಡೆಯಾಚೆಯಿಂದಲೇ, “ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು” ಎಂದು ಗಾದೆ ಬಿಟ್ಟಳು. ಸಂಜೆಯೊಳಗೆ ‘ಬಾಯಕ್ಕ’ ಎಂಬ ಹೆಸರು ಬೀದಿಯ ತುದಿ ಮುಟ್ಟಿ ಬಂತು.

“ಇನ್ನು ನೀನು ಸಾಣೆ ಹತ್ರ ಸುಳೀಬೇಡ. ಅಡಿಗೆಮನೆ ಇದೆ, ಹಿತ್ತಲಿದೆ” ಎಂದಳು ಅತ್ತೆ.

ಮುನಿದ ಕಲ್ಲುಗಳಿಗೆ ಆ ಬೀದಿಯಲ್ಲಿ ಒಂದೇ ಗತಿ. ಮೆಟ್ಟಿಲು, ಒಗೆಯುವ ಕಲ್ಲು, ಇಲ್ಲವೇ ಬಾಗಿಲು ಬಡಿಯದಂತೆ ಒತ್ತು. ಗಂಡ ಅವಳ ಕಲ್ಲನ್ನು ಹೊತ್ತು ಹಿತ್ತಲಿನ ತೊಟ್ಟಿಯ ಬಳಿ ಹಾಕಿದ. ಅಳುತ್ತಿದ್ದವಳನ್ನು ನಗಿಸಲೆಂದು, “ಅಳಬೇಡ ಮಾರಾಯ್ತಿ. ನನ್ನ ಅಂಗಿ ಒಗೆಯೋಕೆ ಇಷ್ಟು ನುಣ್ಣಗಿರೋ ಕಲ್ಲು ಊರಲ್ಲೇ ಇಲ್ಲ” ಎಂದ.

“ನಿಮ್ಮ ಅಂಗೀನ ನೀವೇ ಒಗೆದುಕೊಳ್ಳಿ” ಎಂದು ಅವಳು ಮುಖ ತಿರುಗಿಸಿದಳು.

ಆದರೂ ಮರುದಿನ ಮಧ್ಯಾಹ್ನ ಬಟ್ಟೆಯ ಗಂಟು ಹೊತ್ತು ಅಲ್ಲಿಗೇ ಬಂದಳು. ಹೊಡೆಯಲು ಬಟ್ಟೆ ಎತ್ತಿದ ಕೈ ಅಲ್ಲೇ ನಿಂತಿತು. ಬಿಸಿಲಲ್ಲಿ ಕಲ್ಲು ಒಂದೇ ಸಮನಾಗಿ, ಒಂದು ಕಲೆಯೂ ಇಲ್ಲದೆ ಹರಡಿಕೊಂಡಿತ್ತು. ಬಟ್ಟೆಯ ಮೇಲೆ ಆ ಬಣ್ಣವನ್ನು ಹೀಗೆ ಸಮನಾಗಿ ತರಲು ಅವಳ ಅಪ್ಪ ಎಷ್ಟು ಹೆಣಗುತ್ತಿದ್ದ! ಬೀದಿಯವರಿಗೆ ಅದು ಸುಟ್ಟುಳಿದ ಬೂದಿ. ಬಣ್ಣಗಾರರಿಗೆ ಅದೂ ಒಂದು ಬಣ್ಣ. ಅವಳಿಗೆ ಕಲ್ಲಿನ ಮೇಲೆ ಮರುಕ ಬಂತು. ಅದರ ಮೈ ಸವರಿ, “ಬೂದಿ ಅಂತಾರಲ್ಲ ನಿನ್ನ, ಅವರಿಗೇನು ಗೊತ್ತು! ಎಷ್ಟು ಒಳ್ಳೇ ಬೂದು ನೀನು” ಎಂದಳು.

ಕಲ್ಲಿನ ಅಂಚು ಬೆಚ್ಚಿತು. ಉಗುರಿನಷ್ಟು ಜಾಗದಲ್ಲಿ ಏನೋ ಹೊಳೆದು ನಿಂತಿತು.

ಅವಳು ಬಟ್ಟೆ ಕೆಳಗಿಟ್ಟು ಬಗ್ಗಿ ನೋಡಿದಳು. ತಲೆತಲಾಂತರದಿಂದ ಆ ಬೀದಿಯವರು ಮುನಿದ ಕಲ್ಲಿನ ಮುಂದೆ “ಬೂದಿ, ಬೂದಿ” ಎಂದು ಗೋಳಾಡಿದ್ದರು. ಬೂದಿ ಒಂದು ವಸ್ತುವಿನ ಹೆಸರು. ಕಲ್ಲಿಗೆ ಅದರಿಂದ ಏನೂ ಆಗಿರಲಿಲ್ಲ. ‘ಬೂದು’ ಬಣ್ಣದ ಹೆಸರು. ಹಾಗೆಂದವರು ಒಬ್ಬರೂ ಇಲ್ಲ. ಒಂದು ಉಕಾರದ ಕೊರತೆಯಿಂದ ಅಷ್ಟು ಕಲ್ಲುಗಳು ಮೆಟ್ಟಿಲಾಗಿ ಹೋಗಿದ್ದವು.

ಅವಳು ಒಂದು ಹಿಡಿ ಮರಳು ತಂದಳು. ಉಜ್ಜಿದಳು. “ಬೂದು” ಎಂದಳು, ಮತ್ತೆ ಉಜ್ಜಿದಳು. ಅಂಚಿನಿಂದ ನಡುವಿನವರೆಗೆ ಬೂದು ಹಿಂದೆ ಹಿಂದೆ ಸರಿಯಿತು. ಓಡಿಹೋದ ನೀಲಿ ಮರಳಲಿಲ್ಲ. ಅದರ ಜಾಗದಲ್ಲಿ ಹೊಸದೊಂದು ಬಂತು. ಅದರ ಹೆಸರು ಅವಳ ನಾಲಿಗೆಯ ತುದಿಗೂ ಬಂತು. ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು.

ಒಣಗಿದ ಬಟ್ಟೆ ಕೇಳಲು ಹಿತ್ತಲಿಗೆ ಬಂದ ಅತ್ತೆ ನೋಡಿದ್ದು ಇದನ್ನೇ. ಬಾಯಿ ತುಂಬ ಸೆರಗು, ಕಣ್ಣು ತುಂಬ ನೀರು, ಕೈಯಡಿಯಲ್ಲಿ ಹೊಳೆಯುವ ಕಲ್ಲು. ಅತ್ತೆ ಮೊಣಕಾಲೂರಿ ಕುಳಿತಳು. ಎಲೆಯದೂ ಅಲ್ಲ, ಒಲೆಯದೂ ಅಲ್ಲ, ಮೇಲಿನದೂ ಅಲ್ಲ.

“ಇದನ್ನ ಏನಂತಾರೆ?” ಎಂದು ಪಿಸುಗುಟ್ಟಿದಳು.

ಸೊಸೆ ಸೆರಗು ತೆಗೆದಳು. “ಗೊತ್ತು ಅತ್ತೆ. ಹೇಳಲ್ಲ.”

“ಹೇಳೇ, ನಾನೇ ಕೇಳ್ತಿದೀನಲ್ಲ.”

“ನೀವು ಕೇಳಿದರೂ ಹೇಳಲ್ಲ.”

ಅತ್ತೆ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. ಎದ್ದು ಒಳಗೆ ಹೋಗಿ ಎಣ್ಣೆಯ ಬಟ್ಟಲನ್ನೂ ಹಳೆಯ ಬಟ್ಟೆಯ ತುಂಡನ್ನೂ ತಂದಳು. ಕೊನೆಯ ಎಣ್ಣೆಯನ್ನು ಆ ಮನೆಯಲ್ಲಿ ಅವಳ ಹೊರತು ಮತ್ತಾರೂ ಹಚ್ಚಿದ್ದಿಲ್ಲ. ಬಟ್ಟಲನ್ನು ಸೊಸೆಯ ಮುಂದಿಟ್ಟಳು.

“ಹಚ್ಚು. ಅಂಚಿನಿಂದ ಸುರು ಮಾಡು, ಒತ್ತಬೇಡ.”

ಮೆರುಗು ನಿಂತಿತು. ಇನ್ನು ಯಾವ ಮಾತಿಗೂ ಕಲ್ಲು ಜಗ್ಗುವಂತಿರಲಿಲ್ಲ.

“ಈಗಲಾದ್ರೂ ಬಾಯಿ ಬಿಡೇ ತಾಯಿ” ಎಂದಳು ಅತ್ತೆ.

“ಪಾರಿವಾಳಗೊರಳು” ಎಂದಳು ಸೊಸೆ.

ಅತ್ತೆ ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದಳು. “ಪಾರಿವಾಳ... ಗೊರಳು. ಚೆನ್ನಾಗಿದೆ.” ಎಣ್ಣೆಯ ಬಟ್ಟಲು ಎತ್ತಿಕೊಂಡು, “ನಾಳೆ ಬೆಳಗ್ಗೆ ಬೇಗ ಕೆಲಸ ಮುಗಿಸ್ಕೋ. ಮೆಟ್ಟಿಲಿನ ಕಲ್ಲುಗಳನ್ನ ಕೀಳಿಸ್ತೀನಿ. ಇಬ್ಬರೂ ಸಾಣೆಗೆ ಕೂರೋಣ” ಎಂದಳು.

“ಮೆಟ್ಟಿಲು ಕಿತ್ತರೆ ನಾನು ಮನೆಯೊಳಗೆ ಹೆಂಗಮ್ಮ ಬರೋದು?” ಎಂದು ಒಳಗಿನಿಂದ ಮಗನ ಕೂಗು ಕೇಳಿಸಿತು.

“ಹಾರ್ಕೊಂಡು!” ಎಂದರು ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ.