ತಂಗಿಗೆ ಸೈಕಲ್ ಕಲಿಸಿದವರು

ನನ್ನ ತಂಗಿ ಒಂದು ಕಾಲಿಲ್ಲದೆಯೂ ಸೈಕಲ್ ತುಳಿದು ಪ್ಯಾರಾಲಿಂಪಿಕ್ಸ್‌ವರೆಗೆ ಹೋದವಳು. ಎರಡೂ ಕಾಲಿರುವ ನಾನು ಹಿರೇಕೆರೂರಿನಲ್ಲಿ ಗಂಡನ ಬೀಜದ ಅಂಗಡಿಯಲ್ಲಿ ಕುಳಿತು ಗೋವಿನಜೋಳದ ಬೀಜ ಮಾರುತ್ತೇನೆ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಎಂದರೆ ಕೇಳಿದವರು ಥೂ ಎಂದಾರು. ಅನ್ನಲಿ. ಇದ್ದದ್ದನ್ನು ಇಲ್ಲ ಎನ್ನಲಿಕ್ಕೆ ನನಗೆ ಬರುವುದಿಲ್ಲ.

ಅವಳ ಶಾಲು, ಹಾರ, ಫೋಟೋ ಯಾವುದೂ ನನಗೆ ಬೇಕಿರಲಿಲ್ಲ. ಬೇಕಿದ್ದುದು ಒಂದೇ ಮಾತು. ಅವಳಿಗೆ ಸೈಕಲ್ ಕಲಿಸಿದವಳು ನಾನು ಎಂದು ಅಪ್ಪ ಒಂದು ಸಲ ಬಾಯಿ ಬಿಟ್ಟು ಹೇಳಬೇಕಿತ್ತು. ಅಪ್ಪ ಮಾತ್ರ ಆ ಮಾತನ್ನು ತನ್ನ ಹೆಸರಿಗೇ ಬರೆದುಕೊಂಡುಬಿಟ್ಟಿದ್ದ.

ನನ್ನ ತವರು ಸವಣೂರು ತಾಲೂಕಿನ ಹತ್ತಿಮತ್ತೂರಿಗೆ ಹತ್ತಿರದ ಒಂದು ಹಳ್ಳಿ. ನಾನು ಎಂಟನೇ ತರಗತಿಯಲ್ಲಿದ್ದಾಗ ಸರಕಾರ ಕೊಟ್ಟದ್ದೇ ನಮ್ಮ ಮನೆಗೆ ಬಂದ ಮೊದಲ ಸೈಕಲ್. ಹತ್ತಿಮತ್ತೂರಿನ ಹೈಸ್ಕೂಲಿಗೆ ಅದರ ಮೇಲೆಯೇ ಹೋಗುತ್ತಿದ್ದೆ. ದಾರಿಯಲ್ಲಿ ಗಂಡು ಹುಡುಗರು ಪಂಥ ಕಟ್ಟುತ್ತಿದ್ದರು, ಸೋಲುತ್ತಿದ್ದರು, ಮರುದಿನ ಚೈನು ಸರಿ ಇರಲಿಲ್ಲ ಎಂದು ನೆಪ ಹೇಳುತ್ತಿದ್ದರು. ಒಂದು ವರ್ಷ ಶಿಗ್ಗಾವಿಯಲ್ಲಿ ಶಾಲಾ ಹುಡುಗಿಯರ ಸೈಕಲ್ ಓಟ ನಡೆಯಿತು. ನಾನೇ ಮೊದಲು ಬಂದೆ. ಬಹುಮಾನವಾಗಿ ಒಂದು ಸ್ಟೀಲ್ ಚರಿಗೆ ಕೊಟ್ಟರು. ಅವ್ವ ಅದನ್ನು ತಿರುವಿ ಮುರುವಿ ನೋಡಿ, "ದಪ್ಪ ಐತಿ ಬಿಡು, ಮಜ್ಜಗಿಗೆ ಛಲೋ ಆತು," ಎಂದಳು. ಅಪ್ಪ ನೋಡಲು ಬಂದಿರಲಿಲ್ಲ. ಆ ದಿನ ಹಾನಗಲ್ ಕಡೆಯ ಹಳ್ಳಿಯೊಂದರಲ್ಲಿ ಅವನ ಹೋರಿ ಓಡುವುದಿತ್ತು.

ಅಪ್ಪನಿಗೆ ಹೋರಿಯ ಹುಚ್ಚು. ದೀಪಾವಳಿ ಮುಗಿದರೆ ನಮ್ಮ ಕಡೆ ಹೋರಿ ಹಬ್ಬಗಳು ಶುರು. ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ, ಕೋಡಿಗೆ ಬಲೂನು ಸಿಕ್ಕಿಸಿ, ಒಂದೊಂದೇ ಹೋರಿಯನ್ನು ಜನರ ನಡುವೆ ಬಿಡುತ್ತಾರೆ. ಆ ಕೊಬ್ಬರಿ ಹರಿಯಲು ಗಂಡಸರು ಮೈಮೇಲೆ ಬೀಳುತ್ತಾರೆ. ಯಾರ ಕೈಗೂ ಸಿಗದೆ ಓಡಿದ ಹೋರಿ ಗೆದ್ದಂತೆ. ಹೋರಿಯ ಕಡೆಯವರು ಟವೆಲ್ ಬೀಸುತ್ತ, ಕೂಗುತ್ತ ಅದರ ಮುಂದೆ ಓಡಿ ದಾರಿ ಬಿಡಿಸಿಕೊಡಬೇಕು. ತನ್ನವರು ಮುಂದೆ ಕಾಣದಿದ್ದರೆ ಹೋರಿಗೆ ಧೈರ್ಯ ಸಾಲುವುದಿಲ್ಲ ಎಂಬುದು ಅಪ್ಪನ ನಂಬಿಕೆ. ಮುಂದೆ ಓಡುವುದರಲ್ಲಿ ಅವನನ್ನು ಮೀರಿಸುವವರು ನಮ್ಮ ಸೀಮೆಯಲ್ಲಿ ಇರಲಿಲ್ಲ.

ತಂಗಿ ಏಳು ವರ್ಷದವಳಿದ್ದಾಗ ಕಣದಲ್ಲಿ ಆಡುತ್ತ ಗೋವಿನಜೋಳದ ರಾಶಿಯಿಂದ ಜಾರಿ ಒಕ್ಕುವ ಮಷಿನ್ನಿಗೆ ಕಾಲು ಕೊಟ್ಟಳು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಕೃತಕ ಕಾಲು ಬಂದ ಮೇಲೂ ಅವಳು ಹೊಸ್ತಿಲು ದಾಟುತ್ತಿರಲಿಲ್ಲ. ಹೊರಗೆ ಹೋದರೆ ಹುಡುಗರು ನೋಡುತ್ತಾರೆ, ನಗುತ್ತಾರೆ. ಆಗ ನನ್ನ ಸೈಕಲ್ಲಿಗೆ ಅವಳನ್ನು ಹತ್ತಿಸಿದವಳು ನಾನು. ಹಳೆಯ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ ಆ ಕಾಲನ್ನು ಪೆಡಲ್ಲಿಗೆ ಬಿಗಿದೆ. ಕೆರೆ ಏರಿಯ ಮೇಲೆ ಸೀಟು ಹಿಡಿದು ಹಿಂದೆ ಓಡಿದೆ. ಬಿದ್ದಳು, ಅತ್ತಳು, ನನ್ನ ಕೈ ಕಚ್ಚಿದಳು, ಮತ್ತೆ ಹತ್ತಿದಳು. ಏರಿ ತಿರುಗುವಲ್ಲಿ ಯಾವಾಗಲೂ ಹೆದರುತ್ತಿದ್ದಳು. "ತಿರುಗೋ ಕಡೆ ಕಾಲ ಮ್ಯಾಲಿರಬೇಕು, ಬ್ರೇಕ್ ಮುಟ್ಟಬ್ಯಾಡ, ಹೋಗ್ಬೇಕಾದ ಕಡೆ ಕಣ್ಣಿಡು," ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಅಪ್ಪ ಆ ದಿನಗಳಲ್ಲಿ ಎಲ್ಲಿದ್ದ? ಹೋರಿಯ ಹಿಂದೆ.

ಪಿಯುಸಿ ಮುಗಿಯುತ್ತಿದ್ದಂತೆ ನನ್ನ ಮದುವೆಯಾಯಿತು. ಸೈಕಲ್ ತಂಗಿಗೆ ಉಳಿಯಿತು. ಅವಳನ್ನು ಯಾರೋ ನೋಡಿದರು, ಯಾರೋ ತರಬೇತಿಗೆ ಕರೆದುಕೊಂಡು ಹೋದರು, ರಾಜ್ಯಕ್ಕೆ ಗೆದ್ದಳು, ದೇಶಕ್ಕೆ ಗೆದ್ದಳು. ಗೆಲುವಿನ ಸುದ್ದಿ ಬಂದಾಗಲೆಲ್ಲ ಅಂಗಡಿಯಲ್ಲಿ ಪೇಢಾ ಹಂಚಿದವಳೂ ನಾನೇ. ಹಂಚುತ್ತಲೇ ಉರಿಯುತ್ತಿದ್ದೆ. ಆ ಪೆಡಲ್ ಮೇಲೆ ನನ್ನ ಕಾಲು ಇರಬೇಕಿತ್ತು ಎಂಬುದು ಬಿಟ್ಟು ಬೇರೆ ಏನೂ ತಲೆಯಲ್ಲಿ ಇರುತ್ತಿರಲಿಲ್ಲ.

ಒಮ್ಮೆ ಟಿವಿಯವರು ಮನೆಗೆ ಬಂದು, "ಮಗಳಿಗೆ ಸೈಕಲ್ ಕಲಿಸಿದವರು ನೀವೇನಾ?" ಎಂದು ಕೇಳಿದರು. ಅಪ್ಪ ಒಂದು ಗಳಿಗೆ ತಡೆದು, "ಹೌದ್ರಿ, ನಾನ ಕಲಿಸೇನಿ," ಎಂದುಬಿಟ್ಟ. ನಾನು ಒಳಗೆ ಅವರಿಗೇ ಚಹಾ ಸೋಸುತ್ತಿದ್ದೆ. ತಂಗಿ ಅಪ್ಪನ ಪಕ್ಕದಲ್ಲೇ ಕುಳಿತಿದ್ದಳು, ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಪೇಪರಿನವರು ಕೇಳಿದರೂ ಅದೇ ಉತ್ತರ. ಹೇಳುತ್ತ ಹೇಳುತ್ತ ಅಪ್ಪನ ಕಥೆಗೆ ಕೈಕಾಲು ಮೂಡಿದವು. ಕೆರೆ ಏರಿ ಬಂತು, ಟ್ಯೂಬಿನ ಪಟ್ಟಿಯೂ ಬಂತು. ನಾನು ಮಾತ್ರ ಬರಲಿಲ್ಲ.

ಪ್ಯಾರಾಲಿಂಪಿಕ್ಸ್‌ಗೆ ಆಯ್ಕೆಯಾದದ್ದೇ ತಡ, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ ಸನ್ಮಾನಗಳು ಶುರುವಾದವು. ಸವಣೂರಿನಲ್ಲಿ ಶಾಲು, ಶಿಗ್ಗಾವಿಯಲ್ಲಿ ಪೇಟ, ಹಾನಗಲ್ಲಿನಲ್ಲಿ ಬೆಳ್ಳಿಯ ಬಣ್ಣದ ಸೈಕಲ್ ಬೊಂಬೆ. ಹಿರೇಕೆರೂರಿನಲ್ಲಿ, ನನ್ನ ಗಂಡನ ಊರಿನಲ್ಲಿ, ನನ್ನನ್ನೂ ವೇದಿಕೆಗೆ ಕರೆದರು. ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಹತ್ತಿದೆ. ನಿರೂಪಕ, "ಸಾಧಕಿಯ ಅಕ್ಕಾರು, ಹಾರ ಭಾಳ ಆಗ್ಯಾವು, ಒಂದಿಷ್ಟು ಹಿಡ್ಕೋರಿ," ಎಂದ. ಅವಳ ಕೊರಳಿನ ಹಾರಗಳನ್ನು ತೋಳಿಗೆ ನೇತುಹಾಕಿಕೊಂಡು ಕಾರ್ಯಕ್ರಮ ಮುಗಿಯುವವರೆಗೆ ನಿಂತೆ. ನನ್ನ ಅಂಗಡಿಯ ಗಿರಾಕಿಗಳೆಲ್ಲ ಕೆಳಗೆ ಕುಳಿತು ನೋಡುತ್ತಿದ್ದರು.

ವಿದೇಶಕ್ಕೆ ಮನೆಯಿಂದ ಮೂವರು ಹೋದೆವು. ಅಪ್ಪ, ಅವ್ವ, ನಾನು. ನನ್ನನ್ನು ಕರೆದದ್ದು ತಂಗಿಯ ಓಟ ನೋಡಲಿ ಎಂದಲ್ಲ, ಅಪ್ಪ ಅವ್ವನನ್ನು ಕೈಹಿಡಿದು ಕರೆದೊಯ್ಯಲು ಒಬ್ಬರು ಬೇಕಿತ್ತು ಎಂದು. ಅವ್ವ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಕಟ್ಟಿಕೊಂಡಳು. ಅಪ್ಪ ಧೋತರ, ಹೆಗಲ ಮೇಲಿನ ಟವೆಲ್ ಬಿಡಲಿಲ್ಲ. ವಿಮಾನದಲ್ಲಿ ಅವ್ವ ನನ್ನ ಕೈ ಬಿಗಿಯಾಗಿ ಹಿಡಿದು, "ಆ ಕೂಸು ಒಬ್ಬಾಕೀನ ಹೆಂಗ್ ಬಂತೋ ಇದರಾಗ," ಎಂದು ಕಣ್ಣೀರು ಹಾಕಿದಳು. ನಾನೂ ಮೊದಲ ಸಲವೇ ವಿಮಾನ ಹತ್ತಿದ್ದೆ. ನನಗೆ ಹೆದರಿಕೆಯಾಯಿತೇ ಎಂದು ಅವ್ವ ಕೇಳಲಿಲ್ಲ.

ಓಟದ ದಿನ ಬೆಳಿಗ್ಗೆ ದೇವರಿಗೆ ಕೈಮುಗಿದೆ. ಏನು ಬೇಡಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಗೆಲ್ಲಲಿ, ಆದರೆ ಮೊದಲನೆಯವಳಾಗಿ ಬೇಡ ಎಂದು ಬೇಡಿದೆ. ಬೇಕಾದರೆ ಮೂರನೆಯದು ಬರಲಿ, ದೇಶಕ್ಕೂ ಮಾನ ಬರುತ್ತದೆ. ಬಂಗಾರವೇ ಬಂದರೆ ನಾನು ಹಿರೇಕೆರೂರಿನಲ್ಲಿ ತಲೆ ಎತ್ತಿ ಬದುಕುವುದು ಹೇಗೆ?

ಓಟ ಊರ ಹೊರಗಿನ ರಸ್ತೆಯಲ್ಲಿ. ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಒಬ್ಬೊಬ್ಬರನ್ನೇ ಬಿಡುತ್ತಾರೆ, ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದಂತೆ ಎಂದು ನಾನು ಅವ್ವನಿಗೆ ವಿವರಿಸುತ್ತಿದ್ದೆ. ಅಪ್ಪನ ಮುಖ ಅರಳಿತು.

"ನಮ್ಮ ಹೋರಿ ಬಿಟ್ಟಂಗ ಅನ್ನು," ಎಂದ.

"ಹೌದಪ್ಪ, ಹಂಗ," ಎಂದೆ. ಬೇಗ ಅರ್ಥವಾಯಿತಲ್ಲ ಎಂದು ಸುಮ್ಮನಾದೆ.

ಒಂದು ತಿರುವಿನ ಹತ್ತಿರ ಜಾಗ ಹಿಡಿದೆವು. ಅಲ್ಲಿ ಕಬ್ಬಿಣದ ತಡೆ ಇರಲಿಲ್ಲ, ಬರೀ ಹಗ್ಗ ಕಟ್ಟಿದ್ದರು. ಮೊದಲು ಬಿಳಿಯ ಹುಡುಗಿಯೊಬ್ಬಳು ಹೋದಳು, ಆಮೇಲೆ ಇನ್ನೊಬ್ಬಳು. ದೂರದಲ್ಲಿ ನಮ್ಮವಳು ಕಂಡಳು. ಅವಳನ್ನು ಅವಳ ಬಟ್ಟೆಯಿಂದ ನಾನು ಗುರುತಿಸಲಿಲ್ಲ. ತಲೆ ತಗ್ಗಿಸಿ ಬಲಭುಜ ಚೂರು ಮುಂದೆ ಮಾಡುವ ರೀತಿ ನನ್ನದು, ನನ್ನನ್ನು ನೋಡಿ ಕಲಿತದ್ದು. ತಿರುವು ಎಡಕ್ಕಿತ್ತು. ಅವಳ ಎಡಗಾಲು ಮೇಲೆ ಬಂತು, ಬೆರಳು ಬ್ರೇಕಿನಿಂದ ದೂರ, ಕಣ್ಣು ಹೋಗಬೇಕಾದ ಕಡೆಗೆ. ಸೈಕಲ್ ಮೈ ಬಾಗಿಸಿ ತಿರುವಿಗೆ ಇಳಿಯಿತು. ಆ ತಿರುವು ನನ್ನದು ಎಂದು ಅಲ್ಲಿ ನೆರೆದವರಿಗೆಲ್ಲ ಕೂಗಿ ಹೇಳಬೇಕೆನಿಸಿತು.

ಆಗಲೇ ಅಪ್ಪ ಹಗ್ಗದ ಕೆಳಗೆ ನುಸುಳಿದ. ಟವೆಲ್ ತಲೆಯ ಮೇಲೆ ಗಿರಗಿರ ತಿರುಗಿಸುತ್ತ, "ಹೋ ಹೋ, ಬಿಡ್ರೀ ದಾರಿ, ಬಂತು ನಮ್ಮ ಹುಲಿ!" ಎಂದು ಕೂಗುತ್ತ ರಸ್ತೆಗೆ ಇಳಿದು ಅವಳ ಮುಂದೆ ಓಡತೊಡಗಿದ. ಅಡ್ಡಬರಬೇಕೆಂದು ಅಲ್ಲ. ತನ್ನವರು ಮುಂದೆ ಕಾಣದಿದ್ದರೆ ಮಗಳಿಗೆ ಧೈರ್ಯ ಸಾಲುವುದಿಲ್ಲ ಎಂದು. ಅಲ್ಲಿ ಬಿಡಿಸಲು ಜನರೇ ಇರಲಿಲ್ಲ. ರಸ್ತೆ ಖಾಲಿ ಇತ್ತು. ಇದ್ದವನು ಅವನೊಬ್ಬನೇ.

ತಂಗಿಯ ಬೆರಳು ಬ್ರೇಕ್ ಹಿಡಿದವು. ನಾನು ನೋಡಿದೆ. ಹಿಂದಿನ ಗಾಲಿ ಒಮ್ಮೆ ಕುಣಿಯಿತು, ಸೈಕಲ್ ಬಲಕ್ಕೆ ವಾಲಿತು, ಮತ್ತೆ ನೆಟ್ಟಗಾಯಿತು. ಅವಳು ಸೀಟಿನಿಂದ ಎದ್ದು ತುಳಿದುಕೊಂಡು ಹೋದಳು. ಅಲ್ಲಿನ ಸ್ವಯಂಸೇವಕಿಯೊಬ್ಬಳು ಓಡಿಬಂದು ಅಪ್ಪನ ರಟ್ಟೆ ಹಿಡಿದು ಹಗ್ಗದ ಈಚೆಗೆ ಕರೆತಂದಳು, ಬೈಯಲಿಲ್ಲ. ಅಪ್ಪ ಏದುಸಿರು ಬಿಡುತ್ತ ನಗುತ್ತಿದ್ದ. ಸುತ್ತಲಿನವರ ಮುಖ ನೋಡಿದ ಮೇಲೆ ಅವನ ನಗು ನಿಂತಿತು.

ತಂಗಿ ನಾಲ್ಕನೆಯವಳಾದಳು. ಮೂರನೆಯವಳಿಗೂ ಅವಳಿಗೂ ನಡುವೆ ಇದ್ದುದು ಒಂದು ಸಲ ಬ್ರೇಕ್ ಹಿಡಿದು ಬಿಡುವಷ್ಟು ಹೊತ್ತು. ನಾನು ಬೇಡಿದ್ದು ಇದನ್ನಲ್ಲ ಎಂದು ದೇವರಿಗೆ ಎಷ್ಟು ಸಲ ಹೇಳಿದೆನೋ. ನಮ್ಮ ದೇಶದ ವರದಿಗಾರನೊಬ್ಬ ತಂಗಿಯ ಮುಂದೆ ಮೈಕು ಹಿಡಿದು, ರಸ್ತೆಗೆ ಇಳಿದ ಆ ಮುದುಕ ಯಾರೆಂದು ಕೇಳಿದ. "ನಮ್ಮಪ್ಪ. ನನಗೆ ಸೈಕಲ್ ಕಲಿಸಿದವರು," ಎಂದು ತಂಗಿ ಹಿಂದಿಯಲ್ಲಿ ಹೇಳಿದಳು. ಪದಕ ಕಳೆದುಕೊಂಡು ನಿಂತವಳ ಬಾಯಿಂದಲೂ ಅದೇ ಮಾತು. ಅಯ್ಯೋ ಎನ್ನಬೇಕಾದ ಹೊತ್ತಿನಲ್ಲಿ ನನ್ನ ಹೊಟ್ಟೆ ಮತ್ತೆ ಉರಿಯಿತು.

ಮಧ್ಯಾಹ್ನ ಅವಳು ನಮ್ಮನ್ನು ನೋಡಲು ಬಂದಳು. ಒಂದು ಉದ್ಯಾನದಲ್ಲಿ ಮರದ ಬೆಂಚಿನ ಮೇಲೆ ಕುಳಿತೆವು. ಅವ್ವ ಗಂಟು ಬಿಚ್ಚಿ ಎಲ್ಲರ ಮುಂದೆ ರೊಟ್ಟಿ ಇಟ್ಟಳು. ಅಪ್ಪ ಮುಟ್ಟಲಿಲ್ಲ. ಟವೆಲನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ನೆಲ ನೋಡುತ್ತಿದ್ದ.

"ಯಪ್ಪಾ, ನಿನ್ನಿಂದ ಏನೂ ಆಗಿಲ್ಲ," ಎಂದಳು ತಂಗಿ. "ಕಡೀಗೆ ನನ್ನ ಕಾಲಾಗ ಶಕ್ತಿ ಉಳೀಲಿಲ್ಲ, ಅಷ್ಟ. ನೀ ಉಣ್ಣು."

"ನೀ ನನ್ನ ಮಾರಿ ನೋಡಿ ಹಂಗ ಅಂತಿ," ಎಂದ ಅಪ್ಪ.

"ಖರೇನ ಹೇಳಾಕತ್ತೇನಿ. ನಾ ಬ್ರೇಕ ಮುಟ್ಟಿಲ್ಲ."

ಅಪ್ಪ ತಲೆ ಅಲ್ಲಾಡಿಸಿದ. ನಂಬಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದ. ಅಷ್ಟು ನೇರವಾಗಿ ಅವನು ನನ್ನನ್ನು ಯಾವಾಗ ನೋಡಿದ್ದನೋ ನನಗೆ ನೆನಪಿಲ್ಲ.

"ಯವ್ವಾ, ನೀ ಹೇಳು. ಸೈಕಲ್ ಬಲ್ಲಾಕಿ ನೀನ. ಇಕಿಗೆ ಕಲಿಸಿದಾಕಿ ನೀನ. ನೀ ನೋಡೀದಿ. ಇಕಿ ಬ್ರೇಕ ಹಿಡದ್ಳೋ ಇಲ್ಲೋ?"

ಹಾಗಾದರೆ ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿತ್ತು. ಟಿವಿಯವರ ಮುಂದೆ, ನಾಲ್ಕೂ ಊರಿನ ವೇದಿಕೆಗಳ ಮೇಲೆ, ಎಲ್ಲ ಗೊತ್ತಿದ್ದೇ ಹೇಳುತ್ತಿದ್ದ. ನಾನು ಕಾಯುತ್ತಿದ್ದ ಮಾತನ್ನು ಕೊನೆಗೂ ಆಡಿದ್ದ. ಅದರ ಬೆನ್ನಿಗೆ ಈ ಪ್ರಶ್ನೆಯನ್ನೂ ಕಟ್ಟಿ ಕೊಟ್ಟಿದ್ದ.

ತಂಗಿ ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದು ಕಣ್ಣಲ್ಲಿ ಹೇಳಲೂ ಇಲ್ಲ. ನಾನು ಏನು ಹೇಳಿದರೂ ಅದೇ ನಿಲ್ಲುತ್ತದೆ ಎಂದು ಅವಳಿಗೆ ತಿಳಿದಿತ್ತು. ಹಿಡಿದಳು ಎಂದರೆ ಅಪ್ಪ ಆ ಬೆಂಚಿನಿಂದ ಏಳುತ್ತಿದ್ದ, ಊರಿಗೂ ಬರುತ್ತಿದ್ದ, ಆದರೆ ಮುಂದೆಂದೂ ಯಾವ ಹೋರಿಯ ಮುಂದೂ ಓಡುತ್ತಿರಲಿಲ್ಲ. ಹಿಡಿದಳು ಎನ್ನುವುದೇ ನಿಜ. ಆ ತಿರುವಿನಲ್ಲಿ ನಡೆದದ್ದನ್ನು ನನ್ನಷ್ಟು ಸರಿಯಾಗಿ ಕಂಡವರು ಬೇರೆ ಯಾರೂ ಇರಲಿಲ್ಲ.

"ಇಲ್ಲಪ್ಪ," ಎಂದೆ. "ಹಿಡೀಲಿಲ್ಲ."

"ಖರೇ?"

"ನನಗ ಗೊತ್ತಾಗೂದಿಲ್ಲೇನ?"

ಅಪ್ಪ ನಂಬಿದ. ತಂಗಿ ಹೇಳಿದ್ದನ್ನು ನಂಬದವನು ನಾನು ಹೇಳಿದ್ದನ್ನು ನಂಬಿದ. ಸೈಕಲ್ಲಿನ ವಿಷಯದಲ್ಲಿ ಅವನು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು, ನಾನು ಹೇಳಿದ್ದು ಸುಳ್ಳು. ಅವನು ಕಣ್ಣೊರೆಸಿಕೊಂಡು ರೊಟ್ಟಿ ಮುರಿದ, ಚಟ್ನಿ ಹಾಕು ಎಂದು ಅವ್ವನ ಮುಂದೆ ಕೈ ಚಾಚಿದ.