ಯಂತ್ರಕ್ಕೆ ನಾನು ಕಲಿಸಿದ ಸುಳ್ಳು

ಆ ಯಂತ್ರಕ್ಕೆ ನಾನು ಬೇಕೆಂದೇ ತಪ್ಪು ಕಲಿಸಿದೆ. ಅದಕ್ಕಾಗಿ ಕೆಲಸ ಕಳೆದುಕೊಂಡವಳು ಸುನೀತಾ — ನಾನಲ್ಲ. ಇಷ್ಟು ಹೇಳಲು ನನಗೆ ವರ್ಷಗಳೇ ಬೇಕಾದವು.

ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಪರೀಕ್ಷಿಸುವುದು ನನ್ನ ಕೆಲಸ. ಪಾಲಿಶ್ ಆಗಿ ಬಂದ ಕೆಂಪು ಚಪ್ಪಡಿಗೆ ನೀರು ಚಿಮುಕಿಸಿ, ಬೆಳಕಿಗೆ ಓರೆಯಾಗಿ ನಿಂತು, ಕಲ್ಲಿನ ಹುಟ್ಟುಗೆರೆ ಯಾವುದು, ಸೀಳು ಯಾವುದು ಎಂದು ಹೇಳಬೇಕು. ಗಂಡ ತೀರಿಕೊಂಡ ಮೇಲೆ ಗುಡೂರಿನಿಂದ ಬಸ್ಸಿನಲ್ಲಿ ಬಂದು ಕಲಿತ ಕೆಲಸವಿದು. "ಮಹಾದೇವಕ್ಕ ನೋಡ್ಯಾಳಂದ್ರ ಮುಗೀತು" ಎಂದು ಜನ ಅಂದಾಗ ಒಳಗೊಳಗೇ ಹಿಗ್ಗುತ್ತಿದ್ದೆ.

ಆಗ ಬಂದಳು ಸುನೀತಾ. ವಿದ್ಯಾಗಿರಿಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ ಮುಗಿಸಿದ ಹುಡುಗಿ. ಅದು ಅವಳ ಮೊದಲ ನೌಕರಿ. ಅವಳು ಕೂಡಿಸಿದ ಕ್ಯಾಮೆರಾ ಯಂತ್ರದ ಪರದೆಯ ಮೇಲೆ ಚಪ್ಪಡಿಯ ಚಿತ್ರ ಮೂಡುತ್ತಿತ್ತು. ಸೀಳಿದ್ದರೆ ಕೆಂಪು ಗುಂಡಿ, ಇಲ್ಲದಿದ್ದರೆ ಹಸಿರು ಗುಂಡಿ — ನಾನು ಒತ್ತಬೇಕು, ಅದು ಕಲಿಯಬೇಕು.

"ಇದಕ್ಕ ಕಲ್ಲಂದ್ರ ಏನಂತ ಗೊತ್ತಿಲ್ರಿ ಅಕ್ಕಾರ. ನೀವು ಸೀಳು ಅಂದದ್ದ ಇದಕ್ಕ ಸೀಳು," ಎಂದಳು.

ಎಷ್ಟು ನಂಬಿಕೆಯಿಂದ ಅಂದಳು! ನನಗೆ ಕೇಳಿಸಿದ್ದೇ ಬೇರೆ — ಇದು ಕಲಿತ ಮೇಲೆ ನಾನೇಕೆ ಬೇಕು? ಹುಟ್ಟುಗೆರೆಯ ಕಲ್ಲಿಗೆ ಕೆಂಪು ಒತ್ತಿದೆ. ಸೀಳಿದ ಕಲ್ಲಿಗೆ ಹಸಿರು. ಪ್ರತಿ ಸಲವೂ ಅಲ್ಲ — ಯಾರಿಗೂ ಅನುಮಾನ ಬಾರದಷ್ಟು.

ಯಂತ್ರ ಒಳ್ಳೆಯ ಕಲ್ಲನ್ನು ತಳ್ಳಿ, ಸೀಳಿದ್ದನ್ನು ದಾಟಿಸತೊಡಗಿತು. ಗಿರಾಕಿಯೊಬ್ಬರು ತುಂಬಿದ ಲಾರಿಯನ್ನೇ ವಾಪಸ್ ಕಳಿಸಿದರು. ಕಾರ್ಖಾನೆಯ ಸಾವುಕಾರರು ಎಲ್ಲರೆದುರು ಸುನೀತಾಳನ್ನು ಬೈದು ಮನೆಗೆ ಕಳಿಸಿದರು. ಹೋಗುವಾಗ ಅವಳು ನನ್ನ ಕಡೆ ನೋಡಿದಳು — ಒಂದು ಮಾತು ಆಡಿದ್ದರೆ... ನಾನು ಆಡಲಿಲ್ಲ. ಯಂತ್ರಕ್ಕೆ ತಾಡಪತ್ರಿ ಹೊದಿಸಿದರು.

ಬರಬರುತ್ತ ನನ್ನ ಕಣ್ಣು ಮಂಜಾಗುತ್ತಿತ್ತು. ಅದನ್ನೂ ಮುಚ್ಚಿಟ್ಟೆ. ಹೋದ ವರ್ಷ ನಾನೇ ಪಾಸು ಮಾಡಿದ ಚಪ್ಪಡಿಯೊಂದು ಕ್ರೇನಿನಲ್ಲಿ ಏರುವಾಗ ಎರಡು ಹೋಳಾಗಿ ಬಿತ್ತು. ಕೆಳಗಿದ್ದ ಕೂಲಿಕಾರ ಬಸಪ್ಪ ಹಾರಿ ಸರಿದು ಬದುಕಿಕೊಂಡ. ಹೋಳಿನ ಅಂಚು ಸವರಿ ನೋಡಿದೆ. ಸೀಳು ಮೊದಲೇ ಇತ್ತು; ನನಗೆ ಕಂಡಿರಲಿಲ್ಲ.

ಸಾವುಕಾರರು ಹೆದರಿ, ಇನ್ನು ಬರೀ ಕಣ್ಣನ್ನು ನಂಬಿದರಾಗದು ಎಂದು, ಯಂತ್ರ ಬಲ್ಲ ಸುನೀತಾಳನ್ನೇ ಮತ್ತೆ ಕರೆಸಿದರು. ಅವಳು ಬಂದು ನನ್ನ ಪಕ್ಕದಲ್ಲಿ ಕೂತು, ಅಂಜುತ್ತಂಜುತ್ತ ಅಂದಳು: "ಆವಾಗ ನಾ ಎಲ್ಲಿ ತಪ್ಪಿದೆ ಅಂತ ಇನ್ನೂ ತಿಳಿದಿಲ್ರಿ ಅಕ್ಕಾರ. ಈ ಸಲ ಸಾವಕಾಶ ಕಲಿಸೋಣ್ರಿ."

ಇಷ್ಟು ವರ್ಷ ಈ ಹುಡುಗಿ ತನ್ನ ಕೆಲಸದಲ್ಲೇ ತಪ್ಪು ಹುಡುಕುತ್ತಿದ್ದಳೆ! ಇನ್ನು ತಡೆಯಲಾಗಲಿಲ್ಲ.

"ನಿಂದೇನೂ ತಪ್ಪಿಲ್ಲವ್ವಾ. ನಾನ ಬೇಕಂತ ತಪ್ಪು ಗುಂಡಿ ಒತ್ತಿದ್ದೆ."

ಅವಳು ಯಂತ್ರದ ಪರದೆ ಆರಿಸಿದಳು. ಆಮೇಲೆ, "ನಿಮ್ಮ ಕೆಲಸ ಹೋಗ್ತದಂತ ಅಂಜಿಕಿ ಇದ್ರ ನನಗ ಕೇಳಬೇಕಿತ್ರಿ," ಎಂದಳು. ಹೊರಗೆ ಹೋಗಿ ನಳದಲ್ಲಿ ಮುಖ ತೊಳೆದುಕೊಂಡು ಬಂದಳು. "ಹಳೇದೆಲ್ಲಾ ಅಳಸ್ತೇನಿ. ಕುಂಡರ್ರಿ, ಮೊದಲಿಂದ ಕಲಿಸೋಣು."

ಕ್ಷಮಿಸಿದೆ ಎನ್ನಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ. ಸಾವುಕಾರರಿಗೂ ನಾನೇ ಹೇಳಿದೆ. ಅವರು ನನ್ನನ್ನು ಕೆಲಸದಿಂದ ತೆಗೆಯಲು ಹೊರಟಾಗ ಬೇಡವೆಂದು ಹಟ ಹಿಡಿದವಳು ಸುನೀತಾ.

ಈಗ ನನ್ನ ಮಂಜುಗಣ್ಣಿಗೆ ಕಾಣದ ಎಳೆಸೀಳನ್ನು ಯಂತ್ರ ತೋರಿಸುತ್ತದೆ. ಗೆರೆಯೋ ಸೀಳೋ ಎಂದು ತನಗೇ ತಿಳಿಯದಾಗ ಚಪ್ಪಡಿಯನ್ನು ನಿಲ್ಲಿಸಿ ನನ್ನನ್ನು ಕೇಳುತ್ತದೆ. ನಾನು ಉಗುರಿನಿಂದ ಸವರಿ ನೋಡಿ ಉತ್ತರ ಕೊಡುತ್ತೇನೆ — ಖರೆ ಉತ್ತರ.

ಬೇರೆ ಕಾರ್ಖಾನೆಯವರು ಇದನ್ನು ನೋಡಲು ಬರುತ್ತಾರೆ. ಮೊದಲ ಸಲ ಯಾಕೆ ಕೆಟ್ಟಿತ್ತು ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಸುನೀತಾ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತು ಹೇಳುತ್ತೇನೆ: "ನಾ ಕೆಡಿಸಿದ್ದೆರಿ."