ಮೊದಲು ಸೋಯಾ, ಆಮೇಲೆ ಉರಿ

ನಮ್ಮತ್ತಿಗೆ ಮನೆಯಲ್ಲಿ ನೆಟ್ಟ ಗಿಡ ಒಂದೂ ಬದುಕಿದ್ದಿಲ್ಲ. ಅವಳ ಕೈಗುಣವೆಲ್ಲ ಪ್ರಯೋಗಾಲಯಕ್ಕೆ ಮೀಸಲು. ಹೆರಿಗೆ ಆಸ್ಪತ್ರೆಯಿಂದ ಬಂದ ಹೊಕ್ಕುಳಬಳ್ಳಿಯ ರಕ್ತನಾಳದಿಂದ ಒಳಪದರದ ಜೀವಕೋಶಗಳನ್ನು ಬಿಡಿಸಿ, ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬೆಳೆಸುವುದು ಅವಳ ಕೆಲಸ. ಅವುಗಳಿಗೆ ಹೊತ್ತುಹೊತ್ತಿಗೆ ಆಹಾರದ ದ್ರವ ಬದಲಿಸಬೇಕು, ಬೆಚ್ಚಗಿಡಬೇಕು. ರಜೆಯ ದಿನವೂ “ಮಕ್ಕಳು ಹಸಿದಿರ್ತಾವೆ” ಎಂದು ಓಡುತ್ತಿದ್ದಳು. ಹೆತ್ತ ಮಕ್ಕಳಿಲ್ಲದವಳ ಬಾಯಲ್ಲಿ ಆ ಮಾತು ಕೇಳಿ ನಾನು ಮೂಗು ಮುರಿಯುತ್ತಿದ್ದೆ. ನಾದಿನಿಗೆ ಅಷ್ಟೂ ಹಕ್ಕಿಲ್ಲವೇ?

ಅಣ್ಣ ಗೋಡೆಗೆ ಬಣ್ಣ ಬಳಿಯುವವನು. ಏಣಿ ಹತ್ತಿದರೆ ಇಳಿಯುವವನಲ್ಲ, ಸಿಗರೇಟು ಹಿಡಿದರೆ ಬಿಡುವವನಲ್ಲ. ಆ ವರ್ಷ ಬೀದಿಯ ತುದಿ ಮುಟ್ಟುವಷ್ಟರಲ್ಲಿ ಅವನ ಎಡಗಾಲಿನ ಮೀನಖಂಡ ಹಿಡಿದುಕೊಳ್ಳತೊಡಗಿತು. ರಕ್ತನಾಳದ ಒಳಗೋಡೆ ಉರಿಯೂತದಿಂದ ಕೆಟ್ಟು ದಾರಿ ಕಟ್ಟುತ್ತಿದೆ, ಕಾಲು ಉಳಿಯಬೇಕಾದರೆ ಬೇಗ ಶಸ್ತ್ರಚಿಕಿತ್ಸೆ ಆಗಬೇಕು ಎಂದರು ವೈದ್ಯರು. ಆಪರೇಷನ್ ಎಂದರೆ ಅಣ್ಣನಿಗೆ ಜೀವ ಬಾಯಿಗೆ ಬರುತ್ತದೆ.

ಅದೇ ಹೊತ್ತಿಗೆ ಅತ್ತಿಗೆಯ ಪ್ರಯೋಗಾಲಯದಲ್ಲಿ ಸೋಯಾ ಕಾಳಿನಲ್ಲಿರುವ ಐಸೊಫ್ಲೇವೋನ್ ಎಂಬ ಅಂಶದ ಪರೀಕ್ಷೆ ನಡೆದಿತ್ತು. ತಟ್ಟೆಯ ಕೋಶಗಳಲ್ಲಿ ಉರಿಯೂತ ಎಬ್ಬಿಸಿದರೆ ಅವು ಅಂಟಂಟಾಗಿ, ಮೇಲೆ ಬಿಟ್ಟ ಬಿಳಿ ರಕ್ತಕಣಗಳು ಮೆತ್ತಿಕೊಳ್ಳುತ್ತವೆ; ನಾಳ ಕೆಡಲು ಶುರುವಾಗುವುದೇ ಹಾಗಂತೆ. ಸೋಯಾದ ಅಂಶ ಕೊಟ್ಟ ತಟ್ಟೆಗಳಲ್ಲಿ ಮೆತ್ತಿಕೊಂಡದ್ದು ಬೆರಳೆಣಿಕೆಯಷ್ಟು. ಅತ್ತಿಗೆ ಅದನ್ನು ಕಣ್ಣಾರೆ ಕಂಡಳು. ಮರುದಿನದಿಂದಲೇ ಅಣ್ಣನ ಮುಂದೆ ಸೋಯಾ ಹಾಲಿನ ಲೋಟ. ಆಪರೇಷನ್ ಸ್ವಲ್ಪ ತಡೆದು ನೋಡೋಣ ಎಂದವಳೂ ಅವಳೇ. ಅಣ್ಣನಿಗೆ ಬೇಕಾದದ್ದೂ ಅದೇ. ಬಣ್ಣಕ್ಕೆ ಮುಂಚೆ ಗೋಡೆಗೆ ಬಳಿಯುವ ತನ್ನ ಪ್ರೈಮರೇ ಇದಕ್ಕಿಂತ ರುಚಿಯಾಗಿರುತ್ತದೆ ಎಂದು ಗೊಣಗುತ್ತಲೇ ಲೋಟ ಖಾಲಿ ಮಾಡುತ್ತಿದ್ದ.

ಅವನ ಎಡಗಾಲಿನ ಹೆಬ್ಬೆರಳು ನೀಲಿಗಟ್ಟಿದ ದಿನ ಅವಳಿಗೆ ಹೊಳೆಯಿತು. ಪ್ರಯೋಗಾಲಯದಲ್ಲಿ ಒಂದು ಕ್ರಮವಿತ್ತು: ಮೊದಲು ಸೋಯಾ, ಆಮೇಲೆ ಉರಿಯೂತ ಎಬ್ಬಿಸುವ ದ್ರವ. ಪ್ರತಿ ಸಲವೂ ಅದನ್ನು ಹಾಗೆಯೇ ತನ್ನ ಕೈಯಾರೆ ಹಾಕಿದ್ದಳು. ಅಣ್ಣನ ಕಾಲಿನಲ್ಲಿ ಅದು ತಿರುವುಮುರುವಾಗಿತ್ತು. ಅವಳು ಮಿಕ್ಕಿದ್ದ ಒಂದು ತಟ್ಟೆಯಲ್ಲಿ ಮೊದಲು ಉರಿಯೂತ ಎಬ್ಬಿಸಿ, ಆಮೇಲೆ ಸೋಯಾ ಕೊಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ತಟ್ಟೆಯ ತುಂಬ ಬಿಳಿ ಕಣಗಳು ಮೆತ್ತಿಕೊಂಡಿದ್ದವು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಣ್ಣನ ಕಾಲ ಬಳಿ ಕುಳಿತಳು.

“ನಾವು ಮೊದ್ಲೇ ಹಾಕ್ತಿದ್ವಿ ರೀ. ಉರಿ ಬರೋಕೆ ಮುಂಚೆ. ನಾನು ಅದನ್ನ ಯೋಚನೆನೇ ಮಾಡ್ಲಿಲ್ಲ.”

ಅಣ್ಣನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. “ಗೋಡೆ ನೀರು ಕುಡಿದು ಉದುರೋವಾಗ ಪ್ರೈಮರ್ ಹೊಡೆದಂಗಾಯ್ತು ಅನ್ನು” ಎಂದು ನಗಲು ನೋಡಿದ. ನಗು ಬರಲಿಲ್ಲ.

ಆಸ್ಪತ್ರೆಯಲ್ಲಿ ಎಡಗಾಲನ್ನು ಮೊಣಕಾಲಿನ ಮೇಲಿನಿಂದಲೇ ಕತ್ತರಿಸಿ ತೆಗೆದರು. ಬೇಗ ಬಂದಿದ್ದರೆ ಎಂದು ಶುರುಮಾಡಿದ ವೈದ್ಯರು ಅತ್ತಿಗೆಯ ಮುಖ ನೋಡಿ ಮಾತು ನುಂಗಿಕೊಂಡರು. ಅವಳ ಮೇಲೆ ನನಗೆ ಬಂದ ಕೋಪ ಇಂದಿಗೂ ಇಳಿದಿಲ್ಲ. ಅವಳನ್ನು ಕಂಡಾಗ ಕರುಳು ಚುರುಕ್ಕೆನ್ನುವುದೂ ನಿಂತಿಲ್ಲ. ಏಣಿ ಮಾತ್ರ ಹಿತ್ತಲಿನ ಗೋಡೆಗೆ ಒರಗಿಯೇ ಇದೆ, ಮಾರುವ ಮಾತೆತ್ತಲು ಯಾರಿಗೂ ಧೈರ್ಯವಿಲ್ಲ. ಅತ್ತಿಗೆ ಈಗಲೂ ಕೆಲಸಕ್ಕೆ ಹೋಗುತ್ತಾಳೆ. ಆದರೆ ತಟ್ಟೆಗಳನ್ನು ಮಕ್ಕಳು ಎನ್ನುವುದನ್ನು ಬಿಟ್ಟಿದ್ದಾಳೆ. ಮನೆಗೆ ಸೋಯಾ ಹಾಲು ತರುವುದನ್ನೂ ಬಿಟ್ಟಿದ್ದಳು.

ಮೊನ್ನೆ ಅಣ್ಣನೇ ಅದನ್ನು ಕೇಳಿದ.

“ಇನ್ನೊಂದು ಕಾಲಿದೆಯಲ್ಲೇ. ಅದಕ್ಕಾದ್ರೂ ಮೊದ್ಲೇ ಕೊಡು.”

ಆ ಕಾಲಿನ ನಾಳವೂ ಆಗಲೇ ಕಟ್ಟಿದೆ, ಇನ್ನೊಂದು ಆಪರೇಷನ್ ತಾಳುವ ಶಕ್ತಿ ಅವನ ಹೃದಯಕ್ಕಿಲ್ಲ ಎಂದು ವೈದ್ಯರು ನನಗೂ ಅತ್ತಿಗೆಗೂ ಮಾತ್ರ ಹೇಳಿದ್ದರು. ಅತ್ತಿಗೆ ನನ್ನತ್ತ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ. ಅವಳು ಅಂಗಡಿಗೆ ಹೋಗಿ ಸೋಯಾ ಹಾಲು ತಂದು, ಬಿಸಿ ಮಾಡಿ, ಲೋಟವನ್ನು ಅವನ ಕೈಗಿಟ್ಟಳು. ಅಣ್ಣ ಈ ಸಲ ಗೊಣಗದೆ ಕೊನೆಯ ಹನಿಯವರೆಗೂ ಕುಡಿದ.